ಜಗಳ ಆಡಿದ ರಾತ್ರಿ ಅಪ್ಪ ಹೋದರು

ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ, ಯಾಕಂದರೆ ಇದು ಒಬ್ಬನ ಕಥೆ ಅಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಆಪ್ತಸಲಹೆಗೆ ಕೂತಾಗಿನಿಂದ ಇಂಥವರು ಬರುತ್ತಲೇ ಇದ್ದಾರೆ. ಸೊಸೆ ಎದುರು ಮಾತಾಡಿದಳು, ಅತ್ತೆಗೆ ಹಾರ್ಟ್ ಅಟ್ಯಾಕ್ ಆಯಿತು. ಮಗಳು ತನಗೆ ಬೇಕಾದವನನ್ನು ಮದುವೆಯಾದಳು, ಅಪ್ಪ ಎದೆ ಹಿಡಿದುಕೊಂಡು ಕೂತರು. ಒಬ್ಬರು ಸಾಯುತ್ತಾರೆ, ಇನ್ನೊಬ್ಬರು ಆ ಸಾವನ್ನು ಹೆಗಲ ಮೇಲೆ ಹೊತ್ತುಕೊಂಡು ಬದುಕುತ್ತಾರೆ. ಗುರುತು ಸಿಗದ ಹಾಗೆ ಊರು, ಕೆಲಸ, ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 31 ವರ್ಷ, ಗಂಗಾವತಿ ಕಡೆಯವನು. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ, 57 ವರ್ಷ. ಒಂದು ಎಕರೆ ಮಾರಿ ಗೂಡ್ಸ್ ಗಾಡಿ ತೆಗೆದುಕೊಳ್ಳುವ ವಿಚಾರಕ್ಕೆ ರಾತ್ರಿ ಊಟದ ಹೊತ್ತಿಗೆ ಜಗಳ ಆಯಿತು. ಅಪ್ಪ ತಟ್ಟೆ ಬಿಟ್ಟು ಎದ್ದರು. ಬೆಳಗಿನ ಜಾವ ನಾಲ್ಕಕ್ಕೆ ಎದೆ ಉರಿ, ಮೈಯೆಲ್ಲ ಬೆವರು. ಗ್ಯಾಸ್ ಅಂತ ಸೋಡಾ ಕುಡಿಸಿ ಅರ್ಧ ಗಂಟೆ ಕಾದರು. ಆಸ್ಪತ್ರೆ ದಾರಿಯಲ್ಲೇ ಜೀವ ಹೋಯಿತು. ಮೂರನೇ ದಿನ ಸೋದರಮಾವ ಎಲ್ಲರ ಮುಂದೆ ಅಂದರಂತೆ, "ಮಾತಿನಾಗ ಅಪ್ಪನ್ನ ಕೊಂದಿ ನೀನು."

ಮೊದಲ ಎರಡು ಸಲ ಅವನು ಬಂದಾಗ ಹೆಚ್ಚು ಮಾತಿಲ್ಲ. ನಿದ್ದೆ ಇಲ್ಲ, ಊಟಕ್ಕೆ ಕೂತರೆ ಆ ತಟ್ಟೆ ನೆನಪಾಗುತ್ತದೆ, ಅಷ್ಟೇ. ಮೂರನೇ ಸಲ ಕೂತ ಕೂಡಲೇ ಕೇಳಿದ.

"ಖರೇ ಹೇಳ್ರಿ ಮೇಡಂ. ಸಿಟ್ಟಿಗೆ ಎದಿ ಒಡಿತೈತೋ ಇಲ್ಲೋ?"

'ಇಲ್ಲಪ್ಪ, ನಿನ್ನದೇನೂ ತಪ್ಪಿಲ್ಲ' ಅಂದುಬಿಟ್ಟಿದ್ದರೆ ಅವತ್ತಿನ ಕೆಲಸ ಸುಲಭವಾಗಿ ಮುಗಿಯುತ್ತಿತ್ತು. ಹಾಗೆ ಹೇಳಬೇಕಿತ್ತು ಅಂತ ಸಹೋದ್ಯೋಗಿಯೊಬ್ಬರು ಆಮೇಲೆ ನನಗೆ ಬೈದರು ಕೂಡ. ನಾನು ಹೇಳಲಿಲ್ಲ. ಜಾಸ್ತಿ ಸಿಟ್ಟು ಬಂದಾಗ ರಕ್ತದೊತ್ತಡ, ನಾಡಿ ಬಡಿತ ಏರುತ್ತವೆ. ಅದಾದ ಒಂದೆರಡು ಗಂಟೆ ಹೃದಯಾಘಾತದ ಅಪಾಯ ಹೆಚ್ಚು. ಇದು ನಿಜ. ಅವನ ಕೈಯಲ್ಲಿ ಮೊಬೈಲ್ ಇದೆ. ನಾನು ಇವತ್ತು ಸುಳ್ಳು ಹೇಳಿದರೆ ರಾತ್ರಿ ಅವನೇ ಹುಡುಕಿ ಓದುತ್ತಾನೆ, ಆಮೇಲೆ ನಾನು ಹೇಳುವ ಯಾವ ಮಾತನ್ನೂ ನಂಬುವುದಿಲ್ಲ. ಅದಕ್ಕೇ ಹೇಳಿದೆ, "ಜಗಳಕ್ಕೂ ಇದಕ್ಕೂ ಸಂಬಂಧ ಇಲ್ಲವೇ ಇಲ್ಲ ಅಂತ ಹೇಳಲಾರೆ. ಆದರೆ ಬರೀ ಜಗಳಕ್ಕೆ ಆರೋಗ್ಯವಾಗಿರುವ ರಕ್ತನಾಳ ಸಾಮಾನ್ಯವಾಗಿ ಹೀಗೆ ಕೈಕೊಡುವುದಿಲ್ಲ. ಆ ರಾತ್ರಿಯದು ಬಿಡು. ಅದಕ್ಕೂ ಹಿಂದಿನ ಹತ್ತು ವರ್ಷದ ಅಪ್ಪನ ಬಗ್ಗೆ ಹೇಳು."

ಅವನು ಹೇಳುತ್ತಾ ಹೋದ. ಅಪ್ಪ 15ನೇ ವಯಸ್ಸಿಗೇ ಬೀಡಿ ಹಿಡಿದವರು, ದಿನಕ್ಕೆ ಎರಡು ಕಟ್ಟು. ಬೆಳಗ್ಗೆ ಎದ್ದರೆ ಕಾಲು ಗಂಟೆ ಕೆಮ್ಮು, ಕಫ. ಬೀಡಿ ಕೆಮ್ಮು ಅಲ್ವಾ ಅಂತ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಚೆಗೆ ಹತ್ತು ಚೀಲ ಹೊತ್ತರೆ ದಮ್ಮು ಹತ್ತುತ್ತಿತ್ತು. ಮಿಲ್ಲಿಗೆ ನಡೆದು ಹೋಗುವಾಗ ಎರಡು ಕಡೆ ನಿಂತು ಮೀನಖಂಡ ತಿಕ್ಕಿಕೊಳ್ಳುತ್ತಿದ್ದರು. ನಿಂತರೆ ನೋವು ಹೋಗುತ್ತಿತ್ತು, ನಡೆದರೆ ಮತ್ತೆ ಬರುತ್ತಿತ್ತು. ಒಮ್ಮೆ ಕ್ಯಾಂಪಿನಲ್ಲಿ ಬಿಪಿ ಜಾಸ್ತಿ ಅಂದಿದ್ದರು, ಒಂದು ತಿಂಗಳು ಗುಳಿಗೆ ನುಂಗಿ ಬಿಟ್ಟರು.

ನಾನು ಒಂದು ಹಾಳೆಯಲ್ಲಿ ಕೊಳವೆ ಬರೆದೆ. ಇದು ನಮ್ಮ ಆಸ್ಪತ್ರೆಯ ಡಾಕ್ಟರಿಂದ ನಾನೇ ಕೂತು ಕಲಿತಿದ್ದು. ಬೀಡಿ ಹೊಗೆ, ಏರಿದ ಬಿಪಿ, ಸಕ್ಕರೆ ಕಾಯಿಲೆ ಇವೆಲ್ಲ ಸೇರಿ ರಕ್ತನಾಳದ ಒಳಪದರ ಕೆಡಿಸುತ್ತವೆ. ಕೆಟ್ಟ ಜಾಗದಲ್ಲಿ ಕೊಲೆಸ್ಟ್ರಾಲ್ ಒಳಗೆ ಇಳಿಯುತ್ತದೆ. ಅದನ್ನು ತಿನ್ನಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಸಿಕ್ಕಿಬಿದ್ದು ಜಿಡ್ಡಿನ ಗುಡ್ಡೆ ಆಗುತ್ತದೆ, ಅದರ ಮೇಲೊಂದು ತೆಳು ಪೊರೆ ಬೆಳೆಯುತ್ತದೆ. ಇದಕ್ಕೆ ಎಷ್ಟೋ ವರ್ಷ ಹಿಡಿಯುತ್ತದೆ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯ ನೋಡಿ 1953ರಲ್ಲಿ ವರದಿ ಬರೆದರು. ಸರಾಸರಿ ವಯಸ್ಸು 22, ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳದಲ್ಲಿ ಆಗಲೇ ಕಾಯಿಲೆ ಶುರುವಾಗಿತ್ತು. ನಾಳ ಪೂರ್ತಿ ಮುಚ್ಚುವ ತನಕ ಕಾಯಬೇಕಾಗಿಯೂ ಇಲ್ಲ. ಆ ಪೊರೆ ಒಂದು ದಿನ ಹರಿದರೆ ಸಾಕು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ನಿನ್ನೆ ಚೀಲ ಹೊತ್ತವನು ಇವತ್ತು ಇಲ್ಲ ಅನ್ನುವುದು ಹೀಗೇ.

ನಡೆದರೆ ಕಾಲು ನೋಯುವುದು ಅದೇ ಕಾಯಿಲೆಯ ಲಕ್ಷಣ ಇರಬಹುದು, ಜಾಗ ಮಾತ್ರ ಬೇರೆ. ಶ್ವಾಸಕೋಶದ್ದು ಇನ್ನೊಂದು ದಾರಿ. ಕಫ ಗುಡಿಸಿ ಹೊರಹಾಕುವ ಸಣ್ಣ ಸಣ್ಣ ರೋಮಗಳನ್ನು ಹೊಗೆ ಸುಮ್ನಾಗಿಸುತ್ತದೆ, ಗಾಳಿ ಚೀಲಗಳ ಗೋಡೆ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುವುದಿಲ್ಲ. ಮಿಲ್ಲಿನ ಧೂಳು ಅದಕ್ಕೆ ಜೊತೆ. ಶ್ವಾಸಕೋಶದಲ್ಲಿ ಶಕ್ತಿ ಧಾರಾಳವಾಗಿ ಇರುವುದರಿಂದ, ಬಹಳಷ್ಟು ಹಾಳಾದ ಮೇಲೇ ದಮ್ಮು ಕಾಣುವುದು.

ಅವನು ಹಾಳೆ ನೋಡುತ್ತಾ ಕೂತಿದ್ದ. ಆಮೇಲೆ ಮೆಲ್ಲಗೆ ಅಂದ, "ಹತ್ತೊಂಬತ್ತನೇ ಗೇಟ್ ಇದ್ದಂಗ ಅಲ್ರಿ ಮೇಡಂ?"

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಗೇಟು. ಕಡಿದಿದ್ದು ಆ ರಾತ್ರಿ, ಸವೆದಿದ್ದು ಆ ರಾತ್ರಿ ಅಲ್ಲ. ನನಗೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಅವನು ಅತ್ತ. ಅಪ್ಪ ಹೋದ ಮೇಲೆ ಅವತ್ತೇ ಮೊದಲ ಸಲ ಅತ್ತನಂತೆ.

ಅವತ್ತೇ ಅವನ ಬಿಪಿ ನೋಡಿಸಿದೆ. 150/96. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ ಎಂಟು ಹತ್ತು ಸಿಗರೇಟು. ದುಃಖದಲ್ಲಿರುವವನಿಗೆ ಇದನ್ನೆಲ್ಲ ಹೇಳಬೇಕಾ ಅಂತ ಕೇಳುವವರಿದ್ದಾರೆ. ಹೇಳಲೇಬೇಕು ಅನ್ನುತ್ತೇನೆ ನಾನು. ಬೇರೆ ದಿನ ಅವನು ಬರುವುದೇ ಇಲ್ಲ. ಡಾಕ್ಟರ ಹತ್ತಿರ ಕಳಿಸಿದೆ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಲು ಹೇಳಿದೆ. ಸಿಗರೇಟು ಬಿಟ್ಟ ಒಂದು ವರ್ಷದಲ್ಲಿ ಅದರಿಂದ ಹೃದಯಕ್ಕೆ ಬಂದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಶ್ವಾಸಕೋಶ ಹಾಳಾಗುವ ವೇಗವೂ ತಗ್ಗುತ್ತದೆ. ಒಬ್ಬನೇ ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡು, ದುಡ್ಡು ಕೊಡಬೇಕಾಗಿಲ್ಲ ಅಂದೆ. ಉಪ್ಪಿನಕಾಯಿ, ಹಪ್ಪಳದ ಮಾತೂ ಬಂತು. ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು ದಾಟಬಾರದು, ಅಂದರೆ ಒಂದು ಟೀ ಚಮಚ. ಇನ್ನೊಂದು ಮಾತನ್ನು ಅವನ ಕೈಯಲ್ಲೇ ಬರೆಸಿದೆ: ಎದೆ ಉರಿ ಜೊತೆ ಬೆವರು ಬಂದರೆ ಸೋಡಾ ಬೇಡ, 108ಕ್ಕೆ ಫೋನ್, ಮೊದಲು ಇಸಿಜಿ.

ಮುಂದಿನ ಸಲ ತಾಯಿಯನ್ನು ಕರೆದುಕೊಂಡು ಬಂದ. ಮೂವತ್ತು ವರ್ಷ ಸೌದೆ ಒಲೆ ಊದಿದ ಹೆಣ್ಣುಮಗಳು, ಅವರಿಗೂ ಕೆಮ್ಮು. ಶ್ವಾಸಕೋಶ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡುವ ಊದುವ ಪರೀಕ್ಷೆಗೆ ಕಳಿಸಿದ್ದೇನೆ. ಹಾಳೆಯ ಚಿತ್ರವನ್ನು ಅವನೇ ತಾಯಿಗೆ ತೋರಿಸಿ ವಿವರಿಸಿದ. ಅವರು ಕೇಳಿಸಿಕೊಂಡು ಮಗನ ತಲೆ ಸವರಿ, "ನಿಮ್ಮಪ್ಪಗ ನಾನೂ ಎಷ್ಟ ಸಲ ಹೇಳೀನಿ ಬೀಡಿ ಬಿಡು ಅಂತ" ಅಂದರು.

ಈಗ ಸೋದರಮಾವನನ್ನು ಕರೆತರಲು ಹೇಳಿದ್ದೇನೆ. ಅವರಿಗೆ 55, ಅವರದೂ ದಿನಕ್ಕೆ ಎರಡು ಕಟ್ಟು ಬೀಡಿ. ಬರುತ್ತಾರೆ ಅಂತ ಕಾಯುತ್ತಿದ್ದೇನೆ.