'ಗೋ'ಗೆ 'ವೆಂಟ್' ಎಲ್ಲಿಂದ ಬಂತು?

ಪ್ರಶ್ನೆ: ನನ್ನ ಮಗಳು ನಾಲ್ಕನೇ ತರಗತಿ. 'ಪ್ಲೇ' ಹೋಗಿ 'ಪ್ಲೇಡ್' ಆಗುತ್ತೆ, 'ವಾಕ್' ಹೋಗಿ 'ವಾಕ್ಡ್' ಆಗುತ್ತೆ, 'ಗೋ' ಮಾತ್ರ ಯಾಕೆ 'ಗೋಡ್' ಆಗಲ್ಲ ಅಂತ ಕೇಳಿದಳು. 'ಅದು ಹಾಗೇನೇ, ಬಾಯಿಪಾಠ ಮಾಡು' ಅಂದೆ. ಅವಳಿಗೂ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಬರೆಯುವಾಗ 'ಐ ಡಿಡ್ ನಾಟ್ ವೆಂಟ್' ಅಂತ ಬೇರೆ ಬರೆಯುತ್ತಾಳೆ. ಹೇಗೆ ತಿಳಿಸಿ ಹೇಳಲಿ?

ಉತ್ತರ: ನಿಮ್ಮ ಮಗಳು ಸರಿಯಾದ ಜಾಗದಲ್ಲೇ ಕೈ ಇಟ್ಟಿದ್ದಾಳೆ. 'ವೆಂಟ್' ಮೂಲದಲ್ಲಿ 'ಗೋ'ದ ರೂಪವೇ ಅಲ್ಲ. ಅದು ಬೇರೊಂದು ಕ್ರಿಯಾಪದದ ಮನೆಯಿಂದ ಬಂದದ್ದು.

ಇಂಗ್ಲಿಷಿನಲ್ಲಿ 'ವೆಂಡ್' ಅಂತ ಒಂದು ಕ್ರಿಯಾಪದ ಇದೆ. ಅದರ ಹಳೆಯ ಅರ್ಥ ತಿರುಗು, ತಿರುಗಿಸು. ಬರಬರುತ್ತಾ ದಾರಿ ಹಿಡಿದು ಹೋಗು ಅನ್ನುವ ಅರ್ಥವೂ ಸೇರಿತು. ಈಗ ಒಂದು ಕೆಲಸ ಮಾಡಿ. ಒಂದು ಹಾಳೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ: ಸೆಂಡ್–ಸೆಂಟ್, ಬೆಂಡ್–ಬೆಂಟ್, ಲೆಂಡ್–ಲೆಂಟ್, ಸ್ಪೆಂಡ್–ಸ್ಪೆಂಟ್. ಕೊನೆಯಲ್ಲಿ 'ವೆಂಡ್' ಅಂತ ಬರೆದು ಅದರ ಮುಂದೆ ಜಾಗ ಬಿಡಿ. ಆ ಜಾಗವನ್ನು ಮಗಳೇ ತುಂಬುತ್ತಾಳೆ.

ಹಾಗಾದರೆ ಅದಕ್ಕೂ ಮೊದಲು 'ಗೋ'ಗೆ ಭೂತಕಾಲ ಇರಲಿಲ್ವಾ? ಇತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಅದು 'ಏಓದೆ'. ಅದು ಕೂಡ ಬೇರೆ ಧಾತುವಿನದ್ದೇ! ಅಂದರೆ 'ಗೋ' ಆಗಲೂ ಭೂತಕಾಲವನ್ನು ಬೇರೆಯವರಿಂದಲೇ ತಂದುಕೊಂಡಿತ್ತು. ಆಮೇಲೆ 'ಏಓದೆ' ಸವೆಯುತ್ತಾ ಬಂತು. ಸುಮಾರು 1500ರ ಹೊತ್ತಿಗೆ ದಕ್ಷಿಣ ಇಂಗ್ಲೆಂಡಿನ ಮಾತಿನಲ್ಲಿ ಅದರ ಜಾಗಕ್ಕೆ 'ವೆಂಟ್' ಬಂದು ಕೂತಿತ್ತು. ತನ್ನ ರೂಪ ಕಳೆದುಕೊಂಡ 'ವೆಂಡ್' ಈಗ 'ವೆಂಡೆಡ್' ಅಂತ ಹೊಸದೊಂದನ್ನು ಇಟ್ಟುಕೊಂಡಿದೆ. ಬಳಕೆಯಂತೂ ತುಂಬಾ ಕಡಿಮೆ.

ಮಗಳಿಗೆ ಖುಷಿ ಆಗುವ ಸಂಗತಿ ಇನ್ನೊಂದಿದೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ಮಾತಿನಲ್ಲಿ 'ಹೋಗು' ಅನ್ನುವುದಕ್ಕೆ 'ಗೇ' ಅನ್ನುತ್ತಾರೆ, 'ಹೋದ' ಅನ್ನುವುದಕ್ಕೆ 'ಗೇಡ್'. ಅವಳು ಮಾಡಿದ 'ಗೋಡ್' ಥರಾನೇ ಅಲ್ವಾ? ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳೂ ಸ್ವಲ್ಪ ದಿನ ಹಾಗೇ ಅನ್ನುತ್ತಾರೆ. ನಿಯಮ ತಲೆಗೆ ಹತ್ತಿದೆ ಅನ್ನುವುದಕ್ಕೆ ಅದೇ ಗುರುತು. ಹಾಗಾಗಿ ದಯವಿಟ್ಟು ಗದರಬೇಡಿ.

ಇನ್ನು 'ಡಿಡ್ ನಾಟ್ ವೆಂಟ್'. ಇದಕ್ಕೆ ಕನ್ನಡವೇ ಸಾಕು. ನಾವು 'ಹೋದೆ' ಅನ್ನುತ್ತೇವೆ. ಇಲ್ಲ ಅನ್ನುವಾಗ 'ಹೋದಲಿಲ್ಲ' ಅನ್ನುತ್ತೇವಾ? 'ಹೋಗಲಿಲ್ಲ' ಅನ್ನುತ್ತೇವೆ. 'ಹೋದೆ' ಹೋಗಿ ಮೂಲದ 'ಹೋಗು' ವಾಪಸ್ ಬಂತು. ಕಾಲ ಹೇಳುವ ಕೆಲಸ '–ಲಿಲ್ಲ'ದ ಪಾಲಿಗೆ ಬಿತ್ತು. ಇಂಗ್ಲಿಷಿನಲ್ಲಿ ಆ ಕೆಲಸ 'ಡಿಡ್' ಮಾಡುತ್ತೆ, ಅದಕ್ಕೇ ಅದರ ಜೊತೆ 'ಗೋ'. 'ಹೋದಲಿಲ್ಲ' ಅಂತ ಒಮ್ಮೆ ಜೋರಾಗಿ ಹೇಳಿಸಿ. ನಕ್ಕುಬಿಡುತ್ತಾಳೆ, ಜೊತೆಗೆ ವಿಷಯವೂ ನೆನಪಿರುತ್ತೆ.

ನೀವು ಕೇಳದಿದ್ದರೂ ದೊಡ್ಡವರು ಎಡವುವ ಒಂದು ಜಾಗ ಹೇಳಿಬಿಡುತ್ತೇನೆ. 'ಅವರು ಲಂಡನ್ನಿಗೆ ಹೋಗಿದ್ದಾರೆ' ಅಂದರೆ ಈಗ ಅಲ್ಲಿದ್ದಾರೆ ಅಂತಲೂ ಆಗಬಹುದು, ಹಿಂದೆ ಯಾವಾಗಲೋ ಹೋಗಿದ್ದರು ಅಂತಲೂ ಆಗಬಹುದು. ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಬೇರೆ. ಇನ್ನೂ ಅಲ್ಲೇ ಇದ್ದರೆ 'ಹ್ಯಾಸ್ ಗಾನ್ ಟು'. ಹೋಗಿಬಂದಿದ್ದರೆ 'ಹ್ಯಾಸ್ ಬೀನ್ ಟು'. ನಿಮ್ಮೆದುರೇ ಕೂತು 'ಐ ಹ್ಯಾವ್ ಗಾನ್ ಟು ಲಂಡನ್' ಅಂದರೆ ಕೇಳುವವರಿಗೆ ಗೊಂದಲ ಆಗುತ್ತೆ.

'ಗೋ' ಬರೀ ಕಾಲಿನ ನಡಿಗೆಯಲ್ಲೇ ನಿಲ್ಲಲಿಲ್ಲ. 'ಐ ಆ್ಯಮ್ ಗೋಯಿಂಗ್ ಟು ಈಟ್' ಅಂದಾಗ ಎಲ್ಲಿಗೂ ಹೋಗುತ್ತಿಲ್ಲ, ಊಟ ಮಾಡುತ್ತೇನೆ ಅಂತ ಅಷ್ಟೇ. ಈ ಬಳಕೆ ಹದಿನೈದನೇ ಶತಮಾನದ ಕೊನೆಯ ಬರಹಗಳಲ್ಲೇ ಕಾಣುತ್ತೆ. ಮಾತಿನಲ್ಲಿ ಇದು 'ಗೊನ್ನಾ' ಅಂತ ಕುಗ್ಗಿದೆ. ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ: 'ಗೊನ್ನಾ ಈಟ್' ಅನ್ನಬಹುದು, 'ಗೊನ್ನಾ ಸ್ಕೂಲ್' ಅನ್ನೋ ಹಾಗಿಲ್ಲ. ನಿಜವಾಗಿ ಹೊರಟ ಜಾಗದ ಹೆಸರು ಬಂದರೆ ಪೂರ್ತಿ 'ಗೋಯಿಂಗ್ ಟು'ನೇ ಬೇಕು.

ನನಗೆ ತುಂಬಾ ಇಷ್ಟವಾದ ಬಳಕೆ ಬೇರೆ. ಹಾಲು ಕೆಟ್ಟರೆ 'ಗೋ ಬ್ಯಾಡ್', ಕಣ್ಣು ಹೋದರೆ 'ಗೋ ಬ್ಲೈಂಡ್', ಕಾಣೆಯಾದರೆ 'ಗೋ ಮಿಸ್ಸಿಂಗ್'. ಕನಸು ನನಸಾದರೆ ಮಾತ್ರ 'ಕಮ್ ಟ್ರೂ'! ಎಲ್ಲ ಕಡೆಯೂ ಹೀಗೇ ಅಂತಲ್ಲ, ಆದರೆ ಕೆಡುವುದು, ಕಳೆಯುವುದು ಜಾಸ್ತಿ 'ಗೋ' ಪಾಲಿಗೇ ಬರುತ್ತೆ. ನಮ್ಮಲ್ಲಿ? ಹಾಲು ಒಡೆದುಹೋಯ್ತು, ಗಿಡ ಒಣಗಿಹೋಯ್ತು, ಹೆಸರು ಮರೆತುಹೋಯ್ತು. ಎರಡು ಭಾಷೆಗೂ ಹುಟ್ಟಿನಿಂದ ನಂಟಿಲ್ಲ. ಆದರೂ ಕೈತಪ್ಪಿದ್ದನ್ನು ಹೇಳಲು ಎರಡೂ 'ಹೋಗು' ಅನ್ನುವ ಮಾತನ್ನೇ ಹಿಡಿದಿವೆ. ಮಗಳ ಹಾಳೆಯ ಹಿಂಬದಿಯಲ್ಲಿ ಇಂಥ 'ಹೋಯ್ತು'ಗಳನ್ನು ಬರೆಯಲು ಹೇಳಿ. ಯಾವ್ಯಾವುದಕ್ಕೆ ಇಂಗ್ಲಿಷಿನಲ್ಲೂ 'ಗೋ' ಬರುತ್ತೆ ಅಂತ ಇಬ್ಬರೂ ಕೂತು ಹುಡುಕಿ.