ಕಮಾನು ಯಾವ ಕೈಯಲ್ಲಿತ್ತು?

ಪ್ರಿಯ ಲೇಖಕರೇ,

1940ರ ದಶಕದ ಅಮೆರಿಕದಲ್ಲಿ ನಾಣ್ಯ ಹಾಕಿ ನೋಡುತ್ತಿದ್ದ ಜಾಝ್ ಕಿರುಚಿತ್ರಗಳ, ಅಂದರೆ ಸೌಂಡೀಸ್‌ಗಳ, ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ತಿಳಿಯಾಗಿದೆ, ಶ್ರದ್ಧೆಯೂ ಇದೆ. ಆದರೆ ಮೂರನೆಯ ಪ್ಯಾರಾ ನನ್ನನ್ನು ಕೆರಳಿಸಿತು. ಉಳಿದದ್ದನ್ನು ಬಿಟ್ಟು ಅಲ್ಲಿಗೇ ಬರುತ್ತೇನೆ.

‘ಗಿರಾಕಿ ತನಗಿಷ್ಟದ ಹಾಡು ಆರಿಸಿಕೊಳ್ಳುತ್ತಿದ್ದ.’ ಇಲ್ಲ. ಷಿಕಾಗೋದ ಮಿಲ್ಸ್ ನಾವೆಲ್ಟಿ ಕಂಪನಿಯ ಪನೋರಮ್ ಯಂತ್ರದಲ್ಲಿ ಸಾಮಾನ್ಯವಾಗಿ ಎಂಟು ಹಾಡುಗಳ 16 ಎಂಎಂ ರೀಲು ಸುತ್ತುತ್ತಿತ್ತು. ಹತ್ತು ಸೆಂಟ್ ಹಾಕಿದರೆ ಸರದಿಯಲ್ಲಿದ್ದ ಹಾಡು, ಸುಮಾರು ಮೂರು ನಿಮಿಷ. ಅದೇ ಮತ್ತೆ ಬೇಕೆಂದರೆ ಉಳಿದ ಏಳೂ ಮುಗಿಯಬೇಕು.

‘ರೇ ನ್ಯಾನ್ಸ್ ಎಡಗೈಯಲ್ಲಿ ಕಮಾನು ಹಿಡಿದು ಪಿಟೀಲು ನುಡಿಸುವ ಅಪರೂಪದ ಕಲಾವಿದ.’ ನೀವು ನೋಡಿದ್ದು ಡ್ಯೂಕ್ ಎಲಿಂಗ್ಟನ್ ತಂಡದ 1942ರ ‘ಜಾಮ್ ಸೆಷನ್’, ಅದೂ ಎಡಬಲ ಅದಲಾದ ಪ್ರತಿ. ಪನೋರಮ್ ಪೆಟ್ಟಿಗೆಯೊಳಗೆ ಬೆಳಕು ಕನ್ನಡಿಗಳಲ್ಲಿ ತಿರುಗಿ ಪರದೆಯ ಹಿಂದಿನಿಂದ ಬೀಳುತ್ತಿತ್ತು. ಅದಕ್ಕೆ ಸರಿಹೊಂದಲೆಂದು ಪ್ರತಿಯನ್ನೇ ಉಲ್ಟಾ ಮುದ್ರಿಸುತ್ತಿದ್ದರು. ಮಾಮೂಲಿ ಪ್ರೊಜೆಕ್ಟರಿಗೆ ಹಾಕಿದರೆ ಎಲ್ಲರೂ ಎಡಚರಾಗುತ್ತಾರೆ. ಮೊದಲು ಶೀರ್ಷಿಕೆಯ ಅಕ್ಷರ ನೋಡಿ. ಅದು ಕತ್ತರಿಸಿ ಹೋಗಿದ್ದರೆ ಪಿಯಾನೋ ನೋಡಿ: ಮಂದ್ರದ ಕೀಗಳು ವಾದಕನ ಎಡಕ್ಕಿರಬೇಕು. ಗಂಡಸರ ಕೋಟಿನ ಗುಂಡಿ ತೊಟ್ಟವರ ಬಲಕ್ಕಿರಬೇಕು.

‘ಆ ಕ್ಷಣದಲ್ಲಿ ನುಡಿದ ನಾದವನ್ನೇ ಕ್ಯಾಮೆರಾ ಸೆರೆಹಿಡಿಯಿತು.’ ನನಗೆ ಹೆಚ್ಚು ನೋವಾದದ್ದು ಈ ಸಾಲಿನಿಂದ. ಸಂಗೀತ ಮೊದಲೇ ಧ್ವನಿಮುದ್ರಣವಾಗಿರುತ್ತಿತ್ತು. ಆಮೇಲೆ ಅದನ್ನು ಹಾಕಿಕೊಂಡು, ಅದಕ್ಕೆ ಕೈಯನ್ನೂ ತುಟಿಯನ್ನೂ ಹೊಂದಿಸಿ ಅಭಿನಯಿಸುತ್ತಿದ್ದರು. ಮೈಕಿನ ಕಾಟವಿಲ್ಲದೆ ಕ್ಯಾಮೆರಾ ವಾದಕರ ಮುಖದ ಹತ್ತಿರ ಹೋಗಲು ಸಾಧ್ಯವಾದದ್ದು ಇದರಿಂದಲೇ. ಡ್ರಮ್ಮಿನ ಮೇಲೆ ಕಣ್ಣಿಡಿ, ತಾಳೆ ತಪ್ಪುವುದು ಅಲ್ಲಿ ಬೇಗ ಕಾಣುತ್ತದೆ. ಇಡೀ ಚಿತ್ರದಲ್ಲಿ ಸದ್ದು ದೃಶ್ಯಕ್ಕಿಂತ ಒಂದೇ ಅಳತೆಯಲ್ಲಿ ಹಿಂದೆಯೋ ಮುಂದೆಯೋ ಆಗಿದ್ದರೆ ದೋಷ ಪ್ರತಿ ಮಾಡಿದವರದು. ಗಾಯಕಿಯ ತುಟಿ ಸರಿಯಿದ್ದು ಡ್ರಮ್ಮಿನ ಕೋಲು ಮಾತ್ರ ತಪ್ಪಿದ್ದರೆ ಅದು ಅಭಿನಯದ ಗುರುತು. ಕೆಲವು ಸೌಂಡೀಸ್‌ಗಳಲ್ಲಿ ಪರದೆಯ ಮೇಲಿನವರೇ ಬೇರೆ, ನುಡಿಸಿದವರೇ ಬೇರೆ. ಮುಖ ನೋಡಿ ವಾದಕರ ಪಟ್ಟಿ ಬರೆಯಬೇಡಿ.

ನಾನು ಕೆಲಸ ಕಲಿಯುವಾಗ ಹಿರಿಯ ಸಂಪಾದಕರೊಬ್ಬರು ಇಂಥ ಸಾಲುಗಳ ಕೆಳಗೆ ಗೆರೆ ಎಳೆದು, ‘ಇದನ್ನು ಕಂಡಿರೋ, ಊಹಿಸಿದಿರೋ?’ ಎಂದು ಕೇಳುತ್ತಿದ್ದರು. ಅದನ್ನೇ ನಿಮಗೂ ಕೇಳುತ್ತಿದ್ದೇನೆ.

ಒಮ್ಮೆ ಸದ್ದು ನಿಲ್ಲಿಸಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ, ಆಮೇಲೆ ಈ ಪ್ಯಾರಾ ಹೊಸದಾಗಿ ಬರೆದು ಕಳಿಸಿ. ಎಲಿಂಗ್ಟನ್ ತಂಡದ್ದೇ ಇನ್ನೊಂದು ಕಿರುಚಿತ್ರ ‘ಹಾಟ್ ಚಾಕೊಲೇಟ್’ನಲ್ಲಿ ಬರುವ ಲಿಂಡಿ ಹಾಪ್ ಎಂಬ ಜೋಡಿ ಕುಣಿತದ ವರ್ಣನೆಯನ್ನು ಮಾತ್ರ ಮುಟ್ಟಬೇಡಿ.