ಹೊಡೆದವನು ಎಷ್ಟು ದೂರ ಹಾರಿದ?

ಮಾನ್ಯರೇ,

ಬೇಟೆ ಬಂದೂಕಿನ ಗುಂಡುಗಳ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಹೊಸದು, ಭಾಷೆ ಶುದ್ಧವಾಗಿದೆ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅಮೆರಿಕದ ಬೇಟೆಗಾರ ಜಾನ್ ನಾಸ್ಲರ್ ಅವರು ಕೆಸರು ಮೆತ್ತಿದ ಮೂಸ್‌ಗೆ (ಜಿಂಕೆ ಜಾತಿಯ ದೈತ್ಯ ಪ್ರಾಣಿ) ಗುಂಡಿನ ಮೇಲೆ ಗುಂಡು ಹೊಡೆದರೂ ಅದು ಬೀಳದೆ ನಿಂತದ್ದು, ಆ ಪೇಚಾಟದಿಂದಲೇ 'ಪಾರ್ಟಿಷನ್' ಗುಂಡು ಹುಟ್ಟಿದ್ದು ಸರಿಯಾಗಿಯೇ ಬಂದಿದೆ. ಆದರೆ ನಿಮ್ಮ ಎರಡು ಕ್ರಿಯಾಪದಗಳನ್ನು ನನ್ನಿಂದ ಸಹಿಸಲಾಗಲಿಲ್ಲ.

'ಗುಂಡುಗಳು ಮೈಯೊಳಗೆ ಸ್ಫೋಟಗೊಂಡು ವ್ಯರ್ಥವಾದವು' ಎಂದಿದ್ದೀರಿ. ಸ್ಫೋಟಗೊಳ್ಳಲು ಗುಂಡಿನಲ್ಲಿ ಮದ್ದೆಲ್ಲಿದೆ? ಅದು ಇರುವುದು ತೋಟಾದ ಹಿತ್ತಾಳೆ ಕೊಳವೆಯಲ್ಲಿ. ಇಂಥ ಗುಂಡೆಂದರೆ ತಾಮ್ರದ ಕವಚ ತೊಟ್ಟ ಸೀಸ. ಅದರ ಮೂತಿಯಲ್ಲಿ ಸೀಸವನ್ನು ಬೇಕೆಂದೇ ತೆರೆದಿಟ್ಟಿರುತ್ತಾರೆ. ಅದು ಮಾಂಸವನ್ನು ಹೊಕ್ಕಾಗ ಒತ್ತಡಕ್ಕೆ ಸೀಸ ಹಿಂದಕ್ಕೆ ಮಡಚಿಕೊಂಡು, ಕವಚ ಎಸಳೆಸಳಾಗಿ ಸೀಳಿ, ಗುಂಡು ಅಣಬೆಯಂತೆ ಅರಳುತ್ತದೆ. ಅರಳದಿದ್ದರೆ ದಬ್ಬಣದಂತೆ ತೂರಿಹೋಗುತ್ತದೆ. ಅವಸರದಲ್ಲಿ ಅರಳಿ ಚೂರಾದರೆ ಶ್ವಾಸಕೋಶ ಮುಟ್ಟುವ ಮೊದಲೇ ನಿಲ್ಲುತ್ತದೆ. ನಾಸ್ಲರ್ ಅವರ ಗುಂಡುಗಳಿಗೆ ಆದದ್ದು ಎರಡನೆಯದು. ಅದಕ್ಕೇ ಅವರು ನಡುವೆ ತಾಮ್ರದ ಅಡ್ಡಗೋಡೆಯಿಟ್ಟು, ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ಒಳನುಗ್ಗುವಂತೆ ಮಾಡಿದರು. ನೀವು 'ಸ್ಫೋಟ' ಎಂದ ಕೂಡಲೇ ಆ ಗೋಡೆಗೆ ಕೆಲಸವೇ ಇಲ್ಲದಾಯಿತು.

ಇನ್ನು, 'ಹೊಸ ಗುಂಡು ತಾಗಿದ್ದೇ ತಡ, ಆ ದೈತ್ಯ ಪ್ರಾಣಿ ಹತ್ತಡಿ ಹಿಂದಕ್ಕೆ ಹಾರಿಬಿತ್ತು' ಎಂಬ ವಾಕ್ಯ. ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಹುಡುಗನಾಗಿದ್ದಾಗ ಬರೆದ ಕಥೆಯಲ್ಲಿ ಕಾಡುಹಂದಿಯೊಂದು ಹೀಗೆಯೇ ಹಾರಿತ್ತು. ಮಲೆನಾಡಿನ ತೋಟದ ಮನೆಯಲ್ಲಿ ಬೆಳೆದಿದ್ದ ನಮ್ಮ ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಿಂದ 'ಹಾಗಾದರೆ ಹೊಡೆದವನು ಎಷ್ಟು ದೂರ ಹಾರಿದ?' ಎಂದಷ್ಟೇ ಬರೆದು ಹಾಳೆ ಹಿಂದಿರುಗಿಸಿದರು. ಅರ್ಥವಾಗದೆ ಅವರ ಮೇಜಿನ ಮುಂದೆ ನಿಂತೆ. ಗುಂಡುಪಿನ್ನಿನ ಡಬ್ಬಿಯಿಂದ ಅರಳಿದ ಹಳೆಯ ಗುಂಡೊಂದನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಬುಡ ದುಂಡಗೆ, ತಲೆ ಒಣಗಿದ ಲವಂಗದಂತೆ ಬಿರಿದಿತ್ತು, ತೂಕವೇ ತಿಳಿಯಲಿಲ್ಲ. 'ಇದು ಹಂದಿಯನ್ನು ಎಸೆಯುತ್ತದೆಯೇನಯ್ಯಾ?' ಎಂದರು.

ಗುಂಡು ಪ್ರಾಣಿಯನ್ನು ತಳ್ಳುವಷ್ಟಾದರೂ ಬಂದೂಕು ಹೊಡೆದವನ ಹೆಗಲನ್ನು ಹಿಂದಕ್ಕೆ ತಳ್ಳುತ್ತದೆ; ಪ್ರಾಣಿ ಹಾರುವುದಾದರೆ ಅವನೂ ಹಾರಬೇಕು. ನೀವೇ ಲೆಕ್ಕ ಹಾಕಿ. 12 ಗ್ರಾಂ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಬಂದು 500 ಕಿಲೋ ತೂಗುವ ಮೂಸ್‌ನ ಮೈಯಲ್ಲೇ ನಿಂತರೂ, ಅದು ಆ ಮೈಗೆ ಕೊಡಬಲ್ಲ ವೇಗ ಸೆಕೆಂಡಿಗೆ 2 ಸೆಂಟಿಮೀಟರಿಗೂ ಕಡಿಮೆ. ಮಿದುಳಿಗೋ ಬೆನ್ನುಹುರಿಗೋ ಪೆಟ್ಟು ಬಿದ್ದರೆ ಪ್ರಾಣಿ ನಿಂತಲ್ಲೇ ಕುಸಿಯುತ್ತದೆ. ಇಲ್ಲವಾದರೆ ಬೀಳುವುದು ರಕ್ತಸ್ರಾವದಿಂದ, ಹೃದಯಕ್ಕೆ ಗುಂಡು ತಾಗಿದ ಮೇಲೂ ಹಲವಾರು ಮಾರು ಓಡಿ. ಹಾರುವುದು ಸಿನಿಮಾದಲ್ಲಿ ಮಾತ್ರ, ಅದೂ ಹಗ್ಗ ಕಟ್ಟಿ ಎಳೆದಾಗ.

ಈ ಎರಡು ವಾಕ್ಯಗಳನ್ನು ತಿದ್ದಿ ಕಳುಹಿಸಿ. ಗುಂಡು ತಿಂದ ಮೂಸ್ ಎಷ್ಟು ಹೆಜ್ಜೆ ನಡೆಯಿತೆಂಬುದು ನೀವು ಓದಿದ ಮೂಲದಲ್ಲಿ ಸಿಕ್ಕರೆ ಸೇರಿಸಿ. ಸಿಗದಿದ್ದರೆ 'ಉರುಳಿತು' ಎಂದರೆ ಸಾಕು.

ಇತಿ,
ಸಂಪಾದಕ